ಮುಂದಿನ ಬ್ರೇಕು ಮತ್ತು ಖಂಡೇನವಮಿಯ ಎಣ್ಣೆ

ಇಂಜಿನ್ ಹಚ್ಚಿದ ಸೈಕಲ್ಲಿನ ರಿಪೇರಿ ಕಲಿಯಲು ಬರುವ ಹುಡುಗರು ಮೊದಲು ಇಂಜಿನ್ ಬಿಚ್ಚಲು ಕೈ ಹಾಕುತ್ತಾರೆ. ಬ್ರೇಕ್ ಕಲಿಸು ಎಂದು ಕೇಳಿದವನನ್ನು ನಾನು ಕಂಡಿಲ್ಲ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲ. ಯಾವುದು ದೊಡ್ಡ ಕೆಲಸ ನೀವೇ ಹೇಳಿ.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿ, ಎಂಐಡಿಸಿ ಕೈಗಾರಿಕಾ ವಸಾಹತಿಗೆ ಹೋಗುವ ತಿರುವಿನ ಹತ್ತಿರ ಚನ್ನಬಸು ಮಾಮಾನ ಸೈಕಲ್ ಅಂಗಡಿ ಇತ್ತು. ಮಾಮಾ ಎಂದರೆ ನನ್ನ ತಾಯಿಯ ತಮ್ಮ. ನನ್ನ ಗಂಡ ದುಡಿಯುವವರ ಪೈಕಿ ಅಲ್ಲ. ತವರಿಗೆ ಹೋಗಿ ಕೂತು ಉಣ್ಣುವುದು ನನಗೆ ಆಗುವುದಿಲ್ಲ. ಮಾಮಾನ ಹತ್ತಿರ ಹೋಗಿ ಕೆಲಸ ಕೊಡು ಎಂದೆ.

"ಪಂಕ್ಚರ್ ತೆಗಿತೀ ಏನ್, ನೀಲವ್ವಾ?" ಎಂದ.

"ರೊಟ್ಟಿ ಬಡಿಯೂ ಕೈಗಿ ಪಂಕ್ಚರ್ ಏನ್ ದೊಡ್ಡದು?" ಎಂದೆ.

ಮರುದಿನ ಪಂಕ್ಚರ್ ನೋಡುವ ನೀರಿನ ಬೋಗುಣಿಯ ಮುಂದೆ ಕೂತವಳು ಕೈಯಲ್ಲಿ ಕಸುವು ಇರುವ ತನಕ ಎದ್ದಿಲ್ಲ. ನಾನು ಮೂರನೇ ಇಯತ್ತೆಯ ತನಕ ಕನ್ನಡ ಶಾಲೆ ಕಲಿತವಳು. ಅಷ್ಟರಲ್ಲೇ ಈ ಕಸುಬು ಕಲಿಯುವವರಿಗೆಂದು ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ತೊಂಬತ್ತರ ದಶಕದ ನಡುವೆ ನಮ್ಮ ಕಡೆ ಇಂಜಿನ್ ಸೈಕಲ್ಲಿನ ಹುಚ್ಚು ಬಂತು. ಎಂಐಡಿಸಿಯ ಮಗ್ಗದ ಕಾರಖಾನೆಗಳಿಗೆ ಹಳ್ಳಿಯಿಂದ ಬರುವವರಿಗೆ ಬಸ್ಸಿನ ವೇಳೆ ಒಂದು, ಪಾಳಿಯ ವೇಳೆ ಇನ್ನೊಂದು. ಹೊಸ ಗಾಡಿ ಕೊಳ್ಳುವ ಶಕ್ತಿ ಇಲ್ಲ. ಹೀಗಾಗಿ ಭಂಗಾರಕ್ಕೆ, ಎಂದರೆ ಗುಜರಿಗೆ, ಬಿದ್ದ ಮೊಪೆಡ್ಡಿನ ಇಂಜಿನ್ ಬಿಚ್ಚಿ ಗಟ್ಟಿ ಸೈಕಲ್ಲಿನ ನಡುವೆ ಕೂರಿಸುತ್ತಿದ್ದರು. ಉದ್ದನೆಯ ಹ್ಯಾಂಡಲ್, ಅಗಲ ಸೀಟು, ಹಿಂದೆ ದೊಡ್ಡ ಕ್ಯಾರಿಯರ್. ಸಾಹುಕಾರನಂತೆ ಹಿಂದಕ್ಕೆ ವಾಲಿ ಕೂತು ಭರ್ರನೆ ಹೋಗುವುದು. ಹೋಗುವ ವಿಚಾರ ಎಲ್ಲರೂ ಮಾಡಿದ್ದರು. ನಿಲ್ಲುವ ವಿಚಾರ ಸೈಕಲ್ಲಿಗೆ ಹುಟ್ಟಿನಿಂದ ಬಂದ ಸಳಿ ಬ್ರೇಕಿಗೆ ಬಿಟ್ಟಿದ್ದರು.

ಸಳಿ ಬ್ರೇಕು ನಿಮಗೆ ಗೊತ್ತಿರಲಿಕ್ಕಿಲ್ಲ. ಹ್ಯಾಂಡಲ್ಲಿನಿಂದ ಕಬ್ಬಿಣದ ಸಳಿ ಇಳಿದು, ಒತ್ತಿದಾಗ ಎರಡು ರಬ್ಬರನ್ನು ಮೇಲಕ್ಕೆ ಎಳೆದು ರಿಮ್ಮಿನ ಒಳಮೈಗೆ ತಾಕಿಸುತ್ತದೆ. ಪೆಡಲ್ ತುಳಿದುಕೊಂಡು ಹೋಗುವವನಿಗೆ ಸಾಕು. ಇಂಜಿನ್ ಹಚ್ಚಿದ ಮೇಲೆ ಅದು ಓಡುವ ಎತ್ತಿಗೆ ಹೂವಿನ ಹಗ್ಗ ಕಟ್ಟಿದಂತೆ.

ನಮ್ಮ ಮಾಮಾನಿಗೆ ಮುಂದಿನ ಬ್ರೇಕ್ ಎಂದರೆ ಆಗುತ್ತಿರಲಿಲ್ಲ. ಗಿರಾಕಿ ಕೇಳಿದರೆ ಹೇಳುತ್ತಿದ್ದ: "ಮುಂದಿನ ಬ್ರೇಕ್ ಹೊಲದಾಗಿನ ಬೆರ್ಚಪ್ಪ ಇದ್ದಂಗ. ನಿಂದರಬೇಕು, ಕೆಲಸಾ ಮಾಡಬಾರ್ದು. ಒತ್ತಿದಿ ಅಂದ್ರ ಪಲ್ಟಿ." ಹತ್ತರಲ್ಲಿ ಎಂಟು ಮಂದಿ ಹಾಗೇ ನಂಬಿದ್ದರು. ಕೆಲವರು ಮುಂದಿನ ಸಳಿಯನ್ನು ಬಿಚ್ಚಿಸಿಯೇ ಬಿಡುತ್ತಿದ್ದರು.

ನನಗೆ ಅದು ಸರಿ ಕಾಣಲಿಲ್ಲ. ಬಸ್ಸು ಬ್ರೇಕ್ ಹಾಕಿದಾಗ ಜನ ಯಾವ ಕಡೆ ಬೀಳುತ್ತಾರೆ? ಮುಂದೆ. ಎಂದರೆ ಭಾರವೆಲ್ಲ ಮುಂದಿನ ಗಾಲಿಗೆ ಬಂತು, ಹಿಂದಿನದು ಹಗುರಾಯಿತು. ಹಗುರಾದ ಗಾಲಿಯನ್ನು ಎಷ್ಟು ಹಿಡಿದರೇನು, ಜಾರುತ್ತದೆ. ಭಾರ ಇರುವ ಗಾಲಿಯನ್ನೇ ಹಿಡಿಯಬೇಕು. ಪಲ್ಟಿ ಹೊಡೆಯುವವನು ಮುಂದಿನದೊಂದನ್ನೇ ಹೆದರಿ ಗಪ್ಪನೆ ಒತ್ತಿದವನು. ಎರಡೂ ಕೂಡಿಸಿ ಮೆಲ್ಲಗೆ ಒತ್ತಿದವನು ಬೀಳುವುದಿಲ್ಲ. ಇದನ್ನು ಗಿರಾಕಿಗೆ ಹೇಳಿಕೊಡುವುದೂ ನಿಮ್ಮ ಕೆಲಸವೇ. ಬ್ರೇಕ್ ಹಚ್ಚಿ ಕೈ ತೊಳೆದುಕೊಂಡರೆ ಅರ್ಧ ಕೆಲಸ ಮಾಡಿದಂತೆ.

ಸಳಿ ಬಿಟ್ಟರೆ ಅಗ್ಗದಲ್ಲಿ ಎರಡು ದಾರಿ ಇದ್ದವು. ಒಂದು ವೈರ್ ಬ್ರೇಕು. ಇಕ್ಕಳದಂಥ ಎರಡು ತೋಳು ರಿಮ್ಮನ್ನು ಎರಡೂ ಮಗ್ಗುಲಿಂದ ಹಿಡಿಯುತ್ತವೆ. ಆದರೆ ಹಳೆಯ ಸೈಕಲ್ಲಿನ ರಿಮ್ಮಿನ ಮಗ್ಗುಲು ಗುಂಡಗೆ ಇರುತ್ತದೆ, ರಬ್ಬರಿಗೆ ಹಿಡಿಯಲು ಜಾಗವೇ ಇಲ್ಲ. ಚಪ್ಪಟೆ ಮಗ್ಗುಲಿನ ರಿಮ್ಮು ಬೇರೆ ಹಾಕಬೇಕು. ಎಷ್ಟೋ ಅಂಗಡಿಯವರು ರಿಮ್ಮು ಬದಲಿಸದೆ ಬ್ರೇಕ್ ಅಷ್ಟೇ ಹಚ್ಚಿ ಕಳಿಸುತ್ತಿದ್ದರು. ಅದು ಅಗ್ಗ ಅಲ್ಲ, ಮೋಸ.

ಇನ್ನೊಂದು ಡ್ರಮ್ ಬ್ರೇಕು, ಹಳೆಯ ಮೊಪೆಡ್ಡಿನದು. ಗಾಲಿಯ ನಡುವಿನ ಡಬ್ಬಿಯೊಳಗೆ ಅರ್ಧಚಂದ್ರದಂಥ ಎರಡು ಶೂ ಇರುತ್ತವೆ. ಒತ್ತಿದಾಗ ಅವು ಅಗಲಗೊಂಡು ಒಳಗಿಂದ ಹಿಡಿಯುತ್ತವೆ. ಇದು ಮಾಮಾನ ಅಂಗಡಿಯಲ್ಲಿ ಬಂದ್. ಯಾಕೆ ಎಂದು ಹೇಳುತ್ತೇನೆ.

ಒಮ್ಮೆ ಮಾಮಾ ತನ್ನ ಸ್ವಂತ ಇಂಜಿನ್ ಸೈಕಲ್ಲಿಗೆ ಡ್ರಮ್ ಹಚ್ಚಿದ್ದ. ಡ್ರಮ್ಮಿನ ಮುಚ್ಚಳದ ಪ್ಲೇಟಿಗೆ ಒಂದು ಕೈ ಇರುತ್ತದೆ. ಅದನ್ನು ಚಿಮಟೆಗೆ, ಎಂದರೆ ಮುಂದಿನ ಗಾಲಿ ಹಿಡಿದಿರುವ ಎರಡು ಕಾಲಿಗೆ, ಗಟ್ಟಿಯಾಗಿ ಬೋಲ್ಟ್ ಮಾಡಬೇಕು. ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಲಿಯ ಜೊತೆ ಪ್ಲೇಟೂ ತಿರುಗುತ್ತದೆ. ಮಾಮಾ ಅದನ್ನು ತಂತಿಯಿಂದ ಕಟ್ಟಿದ್ದ. ಎದುರಿನ ಚಹಾದಂಗಡಿಯ ತನಕ ಠೀವಿಯಿಂದ ಹೋಗಿ ಬ್ರೇಕ್ ಒತ್ತಿದ. ತಂತಿ ಹರಿಯಿತು, ಪ್ಲೇಟು ತಿರುಗಿತು, ಬ್ರೇಕಿನ ವೈರು ಗಾಲಿಗೆ ಸುತ್ತಿಕೊಂಡು ಗಾಲಿ ಜಾಮಾಯಿತು. ಮಾಮಾ ಹ್ಯಾಂಡಲ್ ದಾಟಿ ಒಲೆಯ ಮುಂದೆ ಉದ್ದಕ್ಕೆ ಬಿದ್ದ.

ಚಹಾದವನು ಕೆಟಲ್ ಹಿಡಿದೇ ಹೇಳಿದ: "ಮಾಮಾ, ಒಂದ್ ಕಪ್ ಚಹಾಕ್ಕ ಇಷ್ಟ್ ದೊಡ್ಡ ನಮಸ್ಕಾರ ಬ್ಯಾಡ್ರಿ."

ಮಾಮಾ ನಾಯಿ ಅಡ್ಡ ಬಂತು ಎಂದ. ನಾಯಿಯನ್ನು ಯಾರೂ ನೋಡಿರಲಿಲ್ಲ. ಅಂದಿನಿಂದ ಡ್ರಮ್ಮಿನ ಹೆಸರು ಎತ್ತಬಾರದು.

ಈಗ ರೇವಣಸಿದ್ಧನ ವಿಷಯ. ಮಗ್ಗದ ಕಾರಖಾನೆಯಲ್ಲಿ ಫಿಟ್ಟರ್. ಮಂದ್ರೂಪದ ಈಚೆ ಹೊಲದಲ್ಲೇ ಅವರ ಮನೆ, ನಮ್ಮಲ್ಲಿ ವಸ್ತಿ ಎನ್ನುತ್ತಾರೆ. ಅಲ್ಲಿ ಬಸ್ಸು ನಿಲ್ಲುವುದಿಲ್ಲ. ಶಾಲೆ ಶುರುವಾಗುವ ಮೊದಲು ಒಂದು ದಿನ ಇಂಜಿನ್ ಸೈಕಲ್ ತಂದ. ಹಿಂದೆ ಕ್ಯಾರಿಯರಿನ ಮೇಲೆ ಮಗಳು ಸುವರ್ಣಾ. ಹಳ್ಳಿಯ ಶಾಲೆ ಏಳನೆಯದಕ್ಕೆ ಮುಗಿದಿತ್ತು. ವಿಜಾಪುರ ರಸ್ತೆಯ ಹುಡುಗಿಯರ ಶಾಲೆಯಲ್ಲಿ ಎಂಟನೆಯದಕ್ಕೆ ಹೆಸರು ಹಚ್ಚಿದ್ದ. ಅವಳನ್ನು ಅಲ್ಲಿ ಇಳಿಸಿ ತಾನು ಕಾರಖಾನೆಗೆ ಬರುವುದು ಅವನ ಲೆಕ್ಕ.

"ನೀಲಕ್ಕಾ, ಮುಂದಿನ ಬ್ರೇಕ್ ಛಲೋದು ಹಚ್ಚಿ ಕೊಡ್ರಿ," ಎಂದ. "ನಮ್ಮವ್ವ ಗುರವ್ವ ಒಂದ ಮಾತ ಹೇಳ್ಯಾಳ. ಗಾಡಿ ನಿಲ್ಲಲಿಲ್ಲಂದ್ರ ಸಾಲಿ ನಿಲ್ತೈತಿ ಅಂತ."

"ನಿಮ್ಮವ್ವ ಗಾಡಿ ಮ್ಯಾಲ ಕೂತಾಳೇನು?"

ಅಜ್ಜಿಯನ್ನು ಆಯಿ ಎನ್ನುವ ಹುಡುಗಿ ಕ್ಯಾರಿಯರಿನಿಂದಲೇ ಉತ್ತರ ಕೊಟ್ಟಳು: "ಆಯಿ ಚಕ್ಕಡಿ ಮ್ಯಾಲ ಕೂತ್ರೂ ಕಣ್ ಮುಚ್ಚಿಕೋತಾಳ್ರಿ."

ವಸ್ತಿಯಿಂದ ರಸ್ತೆಗೆ ಬರುವಾಗ ಒಂದು ಹಳ್ಳ ಇದೆ ಎಂದ. ದಾರಿ ಜೋರಾಗಿ ಇಳಿದು, ಕೆಳಗೆ ಸಣ್ಣ ಪೂಲಿನ, ಎಂದರೆ ಸೇತುವೆಯ, ಮೇಲೆ ತಿರುಗುತ್ತದೆ. ಅಲ್ಲಿ ಗಾಡಿ ನಿಂತರೆ ಎಲ್ಲ ಕಡೆ ನಿಂತಂತೆ.

ನಾನು ವೈರ್ ಬ್ರೇಕು ಆರಿಸಿದೆ. ಚಪ್ಪಟೆ ರಿಮ್ಮು ಹಾಕಿದೆ. ಮೊದಲು ರಿಮ್ಮಿನ ಸೊಟ್ಟ ತೆಗೆದೆ. ಸೊಟ್ಟ ರಿಮ್ಮಿಗೆ ಹಚ್ಚಿದ ಬ್ರೇಕು ಒಂದು ಸುತ್ತಿನಲ್ಲಿ ಅರ್ಧ ಹಿಡಿಯುತ್ತದೆ, ಅರ್ಧ ಬಿಡುತ್ತದೆ. ರಬ್ಬರು ರಿಮ್ಮಿಗೆ ಉಗುರಿನಷ್ಟು ದೂರ ಇರಬೇಕು, ಟಾಯರಿಗೆ ತಾಕಬಾರದು, ಅದರ ಮುಂದಿನ ತುದಿ ಕೂದಲಿನಷ್ಟು ಮೊದಲು ಮುಟ್ಟಬೇಕು. ಹಾಗಿದ್ದರೆ ಕಿರುಚುವುದಿಲ್ಲ. ವೈರಿಗೆ ಮಡಿಕೆ ಬೀಳಬಾರದು. ನಟ್ಟಿನ ಮೇಲೆ ಇನ್ನೊಂದು ನಟ್ಟು ಹಾಕಿ ಬಿಗಿಯಬೇಕು, ಯಾಕೆಂದರೆ ಇಂಜಿನ್ನಿನ ನಡುಕಕ್ಕೆ ಒಂದೇ ನಟ್ಟು ಬಿಚ್ಚಿಕೊಳ್ಳುತ್ತದೆ. ಎಲ್ಲ ಮಾಡಿ, ರಸ್ತೆಯಲ್ಲಿ ಓಡಿಸಿ ನೋಡಿ ಕೊಟ್ಟೆ. ಮಾಮಾ ಮೂಗು ಮುರಿದ. ರೇವಣಸಿದ್ಧ ಮಗಳನ್ನು ಶಾಲೆಗೆ ಕರೆದುಕೊಂಡು ಹೋಗತೊಡಗಿದ. ಮಳೆಗಾಲ ಕಳೆಯಿತು. ಬ್ರೇಕಿನ ತಕರಾರು ಬರಲಿಲ್ಲ.

ದಸರೆಯ ಮರುದಿನ ರೇವಣಸಿದ್ಧ ಸೈಕಲ್ ನೂಕಿಕೊಂಡು ಬಂದ. ಮುಂದಿನ ಮಡ್‌ಗಾರ್ಡ್ ಚಪ್ಪಟೆಯಾಗಿತ್ತು. ಅವನ ಮೊಣಕೈ ತರಚಿತ್ತು. ಬಂದವನೇ ಕೂಗಿದ.

"ನೀಲಕ್ಕಾ, ಎಂಥಾ ಬ್ರೇಕ್ ಹಚ್ಚೀರಿ? ನಿನ್ನಿ ಹಳ್ಳದ ಇಳಕಲದಾಗ ಮುಂದಿಂದೂ ಹಿಡೀಲಿಲ್ಲ, ಹಿಂದಿಂದೂ ಹಿಡೀಲಿಲ್ಲ! ಜ್ವಾಳದ ಕಣಕಿ ಹೇರಿದ ಚಕ್ಕಡಿಗಿ ಹೋಗಿ ಬಡದೀವಿ. ಕಣಕಿ ಇತ್ತಂತ ಉಳದೀವಿ. ಹುಡುಗಿ ಗದ್ದಕ್ಕ ಹೊಲಿಗಿ ಬಿದ್ದಾವ."

ಅಂಗಡಿಯೊಳಗಿಂದ ಮಾಮಾ ಅಂದ: "ನಾ ಹೇಳಿದ್ನಿಲ್ಲ? ಮುಂದಿನ ಬ್ರೇಕ್."

"ಸುಮ್ನ ಕೂಡು ಮಾಮಾ," ಎಂದೆ. ಒಂದು ಬ್ರೇಕು ಸೋತರೆ ಹಚ್ಚಿದ ರೀತಿ ತಪ್ಪು ಎನ್ನಬಹುದು. ಎರಡೂ ಒಂದೇ ದಿನ ಸೋತವು ಎಂದರೆ ಬೇರೆ ಏನೋ ಇದೆ. ನಾನು ಕೂತು ವೈರು ನೋಡಿದೆ, ಸರಿ ಇತ್ತು. ನಟ್ಟು ಸರಿ. ರಬ್ಬರು ಮುಟ್ಟಿದೆ, ಕೈ ಜಾರಿತು. ರಿಮ್ಮು ಮುಟ್ಟಿದೆ, ಮದುವಣಗಿತ್ತಿಯ ಹೆರಳಿನಂತೆ ಮಿಂಚುತ್ತಿತ್ತು. ಬೆರಳು ಮೂಸಿ ನೋಡಿದೆ. ಕುಸುಬಿ ಎಣ್ಣೆ.

"ರೇವಣ್ಣಾ, ಖಂಡೇನವಮಿಗಿ ಗಾಡಿ ಪೂಜಿ ಯಾರ್ ಮಾಡಿದ್ರು?"

ಅವನ ಸಿಟ್ಟು ಅಲ್ಲೇ ಇಳಿಯಿತು. "ನಮ್ಮವ್ವ," ಎಂದ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ದಸರೆಯ ಮುನ್ನಾದಿನ ಖಂಡೇನವಮಿಗೆ ಕುಡುಗೋಲು, ಕುಂಟೆ, ನೇಗಿಲಿನ ಕುಳ, ಎಲ್ಲ ಕಬ್ಬಿಣವನ್ನು ತೊಳೆದು, ಎಣ್ಣೆ ಹಚ್ಚಿ, ಅರಿಶಿನ ಕುಂಕುಮ ಇಡುತ್ತಾರೆ. ಎಣ್ಣೆ ಹಚ್ಚದೆ ಕಬ್ಬಿಣವನ್ನು ಪೂಜೆಗೆ ಇಟ್ಟರೆ ಆಲಸಿ ಮನೆ ಅನ್ನುತ್ತಾರೆ. ಗುರವ್ವ ಆಲಸಿ ಅಲ್ಲ. ಎರಡೂ ಗಾಲಿಯ ರಿಮ್ಮಿಗೆ, ಸಳಿಗೆ, ಬ್ರೇಕಿನ ತೋಳಿಗೆ, ರಬ್ಬರಿನ ತನಕ ಬೆರಳು ಆಡಿಸಿ ತಿಕ್ಕಿದ್ದಳು. ಕುಡುಗೋಲಿಗೆ ಎಣ್ಣೆ ಹಚ್ಚಿದರೆ ಅದರ ಆಯುಷ್ಯ ಹೆಚ್ಚುತ್ತದೆ. ಬ್ರೇಕಿಗೆ ಹಚ್ಚಿದರೆ ಬೇರೆಯವರ ಆಯುಷ್ಯ ಕಡಿಮೆಯಾಗುತ್ತದೆ.

ರೇವಣಸಿದ್ಧ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಕ್ಕಾ, ಅವ್ವಗ ಹೇಳಬ್ಯಾಡ್ರಿ. ಮೊಮ್ಮಗಳ ಗದ್ದ ತನ್ನ ಕೈಯಿಂದನ ಹರೀತು ಅಂತ ತಿಳದ್ರ ಅನ್ನ ಬಿಡ್ತಾಳ."

"ಸಾಲಿದು ಏನಾತು?"

"ಮುಗೀತು ಅಂದಾಳ. ಸುವರ್ಣಾನ ಚೀಲ ಜ್ವಾಳದ ಕಣಜದ ಮ್ಯಾಲ ಒಗದಾಳ."

"ಹೇಳಲಿಲ್ಲಂದ್ರ ಬರೂ ವರ್ಷ ಮತ್ತ ಹಚ್ತಾಳ. ಆವಾಗ ಕಣಕಿ ಚಕ್ಕಡಿ ಸಿಗತೈತಂತ ಏನ್ ಖಾತ್ರಿ?"

ನಾನು ಕೈ ಒರೆಸಿಕೊಂಡು ಮಂದ್ರೂಪದ ಬಸ್ಸು ಹತ್ತಿದೆ. ವಸ್ತಿ ದಾಟಿ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದೆ. ಈ ಕಸುಬಿನಲ್ಲಿ ಗಿರಾಕಿಯ ಮನೆಗೆ ಹೋಗುವುದು ಪದ್ಧತಿ ಅಲ್ಲ. ಆದರೆ ಬ್ರೇಕು ಸೋತದ್ದು ಅಂಗಡಿಯಲ್ಲಿ ಅಲ್ಲ, ಆ ಮನೆಯಲ್ಲಿ.

ಗುರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸುವರ್ಣಾ ಗದ್ದಕ್ಕೆ ಬಿಳಿ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದಳು.

"ನೀನ ಏನವಾ ಆ ಬ್ರೇಕಿನಾಕಿ?" ಎಂದಳು ಗುರವ್ವ. ಕೂರು ಎನ್ನಲಿಲ್ಲ.

"ನಾನ ರೀ. ಬ್ರೇಕ್ ಸರಿ ಇತ್ತು. ರಿಮ್ಮಿಗಿ ನೀವು ಕುಸುಬಿ ಎಣ್ಣಿ ಹಚ್ಚೀರಿ. ಅದಕ್ಕ ಹಿಡೀಲಿಲ್ಲ."

ಮೊರ ಆಡಿಸುವ ಕೈ ನಿಂತಿತು. ಸುವರ್ಣಾ ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ನಾನು ಮಾತು ಮೆತ್ತಗೆ ಮಾಡಲಿಲ್ಲ. ಮೆತ್ತಗೆ ಹೇಳಿದ್ದು ಮುಂದಿನ ವರ್ಷಕ್ಕೆ ಮರೆತುಹೋಗುತ್ತದೆ.

ಗುರವ್ವ ಮೊರ ಕೆಳಗಿಟ್ಟು ಅಂದಳು: "ನಾ ದೇವ್ರಿಗಿ ಅಂತ ಹಚ್ಚೇನಿ. ಬ್ರೇಕಿಗಿ ಅಂತ ಹಚ್ಚಿಲ್ಲ."

"ಬ್ರೇಕಿಗಿ ಅದು ತಿಳಿಯಂಗಿಲ್ರಿ."

"ಆಯಿ ಬೇಕಂತ ಮಾಡಿಲ್ಲಲ್ಲಾ," ಎಂದಳು ಹುಡುಗಿ.

"ನೀ ಬಾಯಿ ತೆರೀಬ್ಯಾಡ, ಹೊಲಿಗಿ ಬಿಚ್ಚತಾವ," ಎಂದು ಅಜ್ಜಿ ಗದರಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ಪೂಜಿ ನಾ ಬಿಡಂಗಿಲ್ಲ. ನಮ್ಮತ್ತಿ ಮಾಡ್ಯಾಳ, ನಾ ಮಾಡ್ತೀನಿ. ಕಬ್ಬಿಣಕ್ಕ ಎಣ್ಣಿ ಹಚ್ಚದ ಇದ್ರ ನನಗ ಆಗಂಗಿಲ್ಲ. ನಿನಗ ಅಷ್ಟ ವಿದ್ಯಾ ಬರತಿದ್ರ, ಎಣ್ಣಿ ಹಚ್ಚಿದ್ರೂ ನಿಲ್ಲೂವಂಥಾ ಬ್ರೇಕ್ ಮಾಡಿ ತಾ. ನಿಂತ್ರ ಹುಡುಗಿ ಸಾಲಿಗಿ ಹೋಗ್ತಾಳ. ಇಲ್ಲಂದ್ರ ಇಲ್ಲ."

ಇದು ಜಗಳದ ಮಾತಲ್ಲ, ಗಿರಾಕಿಯ ಮಾತು. ಬ್ರೇಕ್ ಹೇಗಿರಬೇಕು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಗಿರಾಕಿ ನನಗೆ ಅದಕ್ಕೂ ಮುಂಚೆ ಸಿಕ್ಕಿರಲಿಲ್ಲ. ಮಾಡುತ್ತೇನೆ ಎಂದು ಹೇಳಿ ಬಂದೆ.

ರಿಮ್ಮು ಹಿಡಿಯುವ ಬ್ರೇಕು ಯಾವುದೂ ಆ ಮನೆಯಲ್ಲಿ ಬಾಳುವುದಿಲ್ಲ. ಎಣ್ಣೆ ಹೋಗದ ಜಾಗದಲ್ಲಿ ಹಿಡಿಯಬೇಕು, ಎಂದರೆ ಡಬ್ಬಿಯೊಳಗೆ. ಡ್ರಮ್ಮೇ ಆಗಬೇಕು.

"ನನ್ನ ದುಕಾನದಾಗ ಡ್ರಮ್ ಬ್ಯಾಡ," ಎಂದ ಮಾಮಾ.

"ತಪ್ಪು ಡ್ರಮ್ಮಿಂದಲ್ಲ ಮಾಮಾ, ತಂತೀದು."

"ನಾಯಿ ಅಡ್ಡ ಬಂದಿತ್ತು."

"ಹೌದು, ಬಂದಿತ್ತು. ಈಗ ನನಗ ಅಕ್ಕಲಕೋಟಕ್ಕ ಹೋಗಾಕ ಬಿಡು."

ಅಕ್ಕಲಕೋಟದ ಭಂಗಾರದವನ ಹತ್ತಿರ ಮೊಪೆಡ್ಡಿನ ಮುಂದಿನ ಹಬ್ಬು, ಎಂದರೆ ಡ್ರಮ್ಮು ಇರುವ ಗಾಲಿಯ ನಡುಭಾಗ, ಸಿಕ್ಕಿತು. ಡ್ರಮ್ಮಿನ ಒಳಮೈಗೆ ಬೆರಳು ಆಡಿಸಿದೆ. ಗೆರೆ ಬಿದ್ದಿರಲಿಲ್ಲ. ಅದರ ಜೊತೆ ಹಳೆಯ ಶೂ ಬಿಟ್ಟಿ ಕೊಡುತ್ತೇನೆ ಎಂದ. ಬೇಡ ಎಂದೆ. ಇದನ್ನು ನೆನಪಿಡಿ. ಡ್ರಮ್ಮು ಹಳೆಯದು ನಡೆಯುತ್ತದೆ, ಶೂ ನಡೆಯುವುದಿಲ್ಲ. ಹಳೆಯ ಶೂ ಗ್ರೀಸು ಕುಡಿದಿರುತ್ತದೆ, ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಎಲ್ಲಿ ಅಗ್ಗ ಮಾಡಬೇಕು, ಎಲ್ಲಿ ಮಾಡಬಾರದು ಎಂದು ತಿಳಿದವನೇ ಮೇಸ್ತ್ರಿ.

ಮೊಪೆಡ್ಡಿನ ಹಬ್ಬು ಅಗಲ. ಸೈಕಲ್ಲಿನ ಚಿಮಟೆಯಲ್ಲಿ ಕೂರುವುದಿಲ್ಲ. ಮೇಲಾಗಿ ಡ್ರಮ್ಮು ಹಿಡಿದಾಗ ಆ ಜಗ್ಗಾಟಕ್ಕೆ ತೆಳುವಾದ ಚಿಮಟೆ ಬಾಗುತ್ತದೆ. ಹಾಲಿನವರು ಕ್ಯಾನು ಹೇರುವ ಸೈಕಲ್ಲಿಗೆ ಹಾಕುವ ಡಬಲ್ ಚಿಮಟೆ ತಂದೆ. ಅದರ ಕಾಲುಗಳನ್ನು ಎರಡೂ ಕಡೆ ಸಮನಾಗಿ ಸ್ವಲ್ಪ ಅಗಲಿಸಿ, ನಡುವಿನಿಂದ ಎರಡೂ ತುದಿಗೆ ದಾರ ಹಿಡಿದು ಅಳೆದೆ. ಒಂದು ಕಾಲು ಹೆಚ್ಚು ಅಗಲಿಸಿದರೆ ಗಾಡಿ ಜೀವನವಿಡೀ ಒಂದು ಕಡೆ ಎಳೆಯುತ್ತದೆ. ಹಬ್ಬಿನ ತೂತಿಗೆ ಕೂಡುವ ರಿಮ್ಮು ಹುಡುಕಿ, ಗಿಡ್ಡನೆಯ ಕಡ್ಡಿ ಹಾಕಿ ಗಾಲಿ ಕಟ್ಟಿದೆ.

ಉಳಿದದ್ದು ಪ್ಲೇಟಿನ ಕೈ. ಅದನ್ನು ಚಿಮಟೆಗೆ ಜೋಡಿಸಲು ದಪ್ಪ ಕಬ್ಬಿಣದ ಪಟ್ಟಿ ಬೇಕಿತ್ತು. ನಾನು ಕೇಳಿರಲಿಲ್ಲ. ಮಾಮಾ ಒಳಗೆ ಹೋದ, ಕುಟ್ಟುವ ಸಪ್ಪಳ ಕೇಳಿಸಿತು. ಬಂದು, ಎರಡು ತೂತು ಹೊಡೆದು ಅಂಚು ತಿಕ್ಕಿದ ಪಟ್ಟಿಯನ್ನು ನನ್ನ ಮುಂದೆ ಇಟ್ಟ. "ಬೋಲ್ಟ್ ದಪ್ಪಂದು ಹಾಕು," ಎಂದು ಹೇಳಿ ಚಹಾಕ್ಕೆ ಹೋದ. ಅವನ ಬಾಯಿಂದ ಅಷ್ಟೇ ಬಂತು. ನನಗೆ ಅಷ್ಟೇ ಸಾಕಿತ್ತು.

ಸೈಕಲ್ ತೆಗೆದುಕೊಂಡು ನಾನೂ ರೇವಣಸಿದ್ಧನೂ ವಸ್ತಿಗೆ ಹೋದೆವು. ಗುರವ್ವ ಒಳಗಿಂದ ಎಣ್ಣೆಯ ಬಟ್ಟಲು ತಂದಳು. ನಮ್ಮ ಮುಂದೆಯೇ ಕೂತು ಎರಡೂ ರಿಮ್ಮಿಗೆ ಸುತ್ತಲೂ ಹಚ್ಚಿದಳು. ನಾನು ತಡೆಯಲಿಲ್ಲ.

"ಟಾಯರಿಗಿ ಮಾತ್ರ ಹಚ್ಚಬ್ಯಾಡ್ರಿ," ಎಂದೆ.

"ರಬ್ಬರಿಗಿ ಯಾರ್ ಪೂಜಿ ಮಾಡ್ತಾರ? ನಾವು ಮಾಡೂದು ಕಬ್ಬಿಣಕ್ಕ."

"ಈ ಪ್ಲೇಟಿನ ಸಂದ್ಯಾಗೂ ಎಣ್ಣಿ ಬಿಡಬ್ಯಾಡ್ರಿ. ಇಲ್ಲಿ ಬರೇ ಕುಂಕುಮ."

ಅದಕ್ಕೆ ತಲೆ ಆಡಿಸಿದಳು. ಬೆರಳು ಸೆರಗಿಗೆ ಒರೆಸಿಕೊಂಡು ಪ್ಲೇಟಿನ ಮೇಲೆ ಕುಂಕುಮ ಇಟ್ಟಳು. ಆಮೇಲೆ ಸೀರೆಯ ಕಚ್ಚೆ ಬಿಗಿದುಕೊಂಡು ಕ್ಯಾರಿಯರ್ ಹತ್ತಿ ಕೂತಳು.

ರೇವಣಸಿದ್ಧ ಗಾಬರಿಯಾದ. "ಅವ್ವಾ, ಇಳಿ. ನಾ ಒಬ್ಬನ ಹೋಗಿ ತೋರಸ್ತೀನಿ."

"ನನ್ನ ಮೊಮ್ಮಗಳು ಕೂಡೂ ಜಾಗಾದಾಗ ನಾ ಕೂಡಬಾರ್ದೇನು? ನಡಿ."

ಹಿಂದಿನ ಸಳಿ ಬ್ರೇಕಿಗೆ ಎಣ್ಣೆ ಬಿದ್ದಿತ್ತು. ಅದು ಲೆಕ್ಕಕ್ಕಿಲ್ಲ. ಮುಂದಿನದೊಂದೇ. ಮೆಲ್ಲಗೆ ಒತ್ತು, ಗಪ್ಪನೆ ಒತ್ತಬೇಡ ಎಂದು ರೇವಣಸಿದ್ಧನಿಗೆ ಎರಡು ಸಲ ಹೇಳಿದೆ. ಇಂಜಿನ್ ಶುರುವಾಯಿತು. ನಾನೂ ಸುವರ್ಣಾನೂ ದಂಡೆಯ ಮೇಲೆ ನಿಂತೆವು. ಗಾಡಿ ಹಳ್ಳದ ಇಳಿಜಾರಿಗೆ ಬಿತ್ತು, ವೇಗ ಏರಿತು. ಅರ್ಧ ದಾರಿಯಲ್ಲಿ ಚಿಮಟೆ ಒಂದಿಷ್ಟು ಬಗ್ಗಿ ಸಾವರಿಸಿಕೊಂಡದ್ದು ನನಗೆ ಮೇಲಿಂದಲೇ ಕಂಡಿತು. ಹಿಡಿಯಿತು. ಗಾಡಿ ಮೆತ್ತಗಾಗುತ್ತ ಹೋಗಿ ಪೂಲಿನ ಕಲ್ಲಿನ ಈಚೆಯೇ ನಿಂತಿತು.

ನಾವು ಇಳಿದು ಹೋಗುವಷ್ಟರಲ್ಲಿ ಗುರವ್ವ ಕೆಳಗಿಳಿದು ಗಾಲಿಯ ಮುಂದೆ ಬಗ್ಗಿದ್ದಳು. ರಿಮ್ಮು ಮುಟ್ಟಿ ಬೆರಳು ನೋಡಿದಳು.

"ಎಣ್ಣಿ ಹಂಗ ಐತಿ," ಎಂದಳು.

"ಹೂನ್ರಿ."

ಅಷ್ಟು ಹೊತ್ತೂ ಕಣ್ಣು ಮುಚ್ಚಿದ್ದೆ ಎಂದು ಮಗನಿಗೆ ಹೇಳಿದಳು. ಆಮೇಲೆ ಸುವರ್ಣಾನ ಕಡೆ ತಿರುಗಿ ಗದರಿದಳು: "ನಿಂತಿ ಯಾಕ? ಹೋಗು, ಚೀಲ ತಗೊಂಡ ಬಾ."

"ಆಯಿ, ಇವತ್ತ ರವಿವಾರ."

"ಹಂಗಾದ್ರ ನಾಳಿಗಿ ಹೋಗು. ರವಿವಾರ ಅಂತ ನನಗ ಯಾರ್ ಹೇಳಿದ್ರು?"

ಇದನ್ನು ಹೇಳಿದ್ದು ಯಾಕೆಂದರೆ, ಗಿರಾಕಿ ಬಂದರೆ ನೀವು ಗಾಡಿ ಎಷ್ಟು ಓಡುತ್ತದೆ, ಎಷ್ಟು ಭಾರ ಹೇರುತ್ತೀ ಎಂದು ಕೇಳುತ್ತೀರಿ. ಅದು ಸರಿ. ಅದರ ಜೊತೆ ಮನೆಯಲ್ಲಿ ಗಾಡಿ ತೊಳೆಯುವವರು ಯಾರು, ಪೂಜೆ ಮಾಡುವವರು ಯಾರು ಎಂದೂ ಕೇಳಿ. ಬೇಡ ಎಂದರೆ ಅವರು ಬಿಡುವುದಿಲ್ಲ. ಬಿಡಬೇಕೆಂದೂ ಇಲ್ಲ. ಎಲ್ಲಿ ಹಚ್ಚಬಹುದು, ಎಲ್ಲಿ ಹಚ್ಚಬಾರದು ಎಂದು ಕೈಯಿಂದ ಮುಟ್ಟಿ ತೋರಿಸಿ.

ಸುವರ್ಣಾ ಹತ್ತನೆಯದು ಮುಗಿಸುವ ತನಕ ಆ ಡ್ರಮ್ಮಿನ ಶೂ ನಾನೇ ಬದಲಿಸಿದೆ. ದಸರೆಯ ನಂತರ ಬಂದಾಗಲೆಲ್ಲ ಪ್ಲೇಟಿನ ಮೇಲೆ, ನಾನು ತೋರಿಸಿದ ಜಾಗದಲ್ಲೇ, ಒಣ ಕುಂಕುಮ ಇರುತ್ತಿತ್ತು. ರಿಮ್ಮಿನ ತುಂಬ ಕುಸುಬಿ ಎಣ್ಣೆ. ಗಾಲಿ ಬಿಚ್ಚುವ ಮೊದಲು ಅದನ್ನು ಒರೆಸಬೇಕಾಗುತ್ತಿತ್ತು. ಒರೆಸುತ್ತಿದ್ದೆ.